ಈ ಸಲವೂ ಎಳ್ಳು ಮನೆಯಲ್ಲೇ ಮಾಡಿದೆವು

ನಮ್ಮ ಮನೆಯಲ್ಲಿ ಎಲೆ ಅಡಿಕೆ ಹಾಕುವವರು ಯಾರೂ ಇಲ್ಲ. ಆದರೂ ಒಂದು ಅಡಕತ್ತರಿ ಇದೆ. ಅತ್ತೆಯವರ ತಾಯಿಯದು. ವರ್ಷವಿಡೀ ಅಟ್ಟದ ಮೇಲಿರುತ್ತದೆ. ಡಿಸೆಂಬರ್ ಕೊನೆಯ ವಾರ ಅದನ್ನು ಇಳಿಸಿ, ಒರೆಸಿ, ಊಟದ ಮೇಜಿನ ಮೇಲೆ ಇಡುತ್ತೇವೆ. ಅಲ್ಲಿಂದ ಸಂಕ್ರಾಂತಿವರೆಗೆ ಅದರ ಜಾಗ ಅದೇ. ಕೊಬ್ಬರಿ, ಬೆಲ್ಲ ಎರಡನ್ನೂ ನಾವು ಕತ್ತರಿಸುವುದು ಅದರಲ್ಲೇ.

ಅತ್ತೆಯವರದು ಮಂಡ್ಯದ ಕಡೆಯ ಊರು. ನಾವಿರುವುದು ಬೆಂಗಳೂರಿನಲ್ಲಿ, ಮೂರನೇ ಮಹಡಿಯ ಮನೆ. ಮದುವೆಯಾಗಿ ಬಂದ ಹೊಸತರಲ್ಲಿ ಎಳ್ಳಿನ ಕೆಲಸವೆಲ್ಲ ಅವರದೇ. ನಾನು ಬೀರುವ ದಿನ ರೇಷ್ಮೆ ಸೀರೆ ಉಟ್ಟು ತಟ್ಟೆ ಹಿಡಿದು ಹೊರಟರೆ ಆಯಿತು. ಆಮೇಲೆ ಅವರಿಗೆ ಮಣಿಕಟ್ಟು ನೋವು ಶುರುವಾಯಿತು. 'ಈ ವರ್ಷ ಅಂಗಡಿಯಿಂದಲೇ ತಂದುಬಿಡೋಣ ಕಣೇ' ಅಂದರು. ತಂದೆವು. ಪ್ಯಾಕೆಟ್ ಬಿಚ್ಚಿದಾಗ ಕೊಬ್ಬರಿ ಕಮಟು ವಾಸನೆ. ಅತ್ತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಏನೂ ಹೇಳಲಿಲ್ಲ. ಡಬ್ಬಿ ಮುಚ್ಚಿ ಒಳಗೆ ಹೋದರು. ಅವತ್ತೇ ತೀರ್ಮಾನ ಮಾಡಿದೆ, ಮುಂದಿನ ವರ್ಷದಿಂದ ನಾನೇ ಮಾಡುವುದು ಅಂತ.

ಮೊದಲ ವರ್ಷ ಒಂದೇ ಶನಿವಾರ, ಭಾನುವಾರದಲ್ಲಿ ಎಲ್ಲ ಮುಗಿಸಲು ಹೊರಟೆ. ಅದೇ ತಪ್ಪು. ಎರಡು ಗಿಟುಕು ಕತ್ತರಿಸುವಷ್ಟರಲ್ಲಿ ಬೆರಳಲ್ಲಿ ಗುಳ್ಳೆ ಎದ್ದಿತು. ಆತುರದಲ್ಲಿ ಹುರಿದ ಕಡಲೆಬೀಜ ಇನ್ನೂ ಬೆಚ್ಚಗಿರುವಾಗಲೇ ಬೆಲ್ಲ ಬೆರೆಸಿದೆ. ಬೆಳಗ್ಗೆ ನೋಡಿದರೆ ಪಾತ್ರೆಯಲ್ಲಿ ಎಲ್ಲ ಅಂಟಿಕೊಂಡು ಒಂದೇ ಮುದ್ದೆ! ಅದನ್ನು ಉಂಡೆ ಕಟ್ಟಿ ಮನೆಯಲ್ಲೇ ತಿಂದು ಮುಗಿಸಿದೆವು. ಬೀರಲು ಆಗಲಿಲ್ಲ.

ಈಗ ಕೆಲಸವನ್ನು ಹದಿನೈದು ದಿನಕ್ಕೆ ಹಂಚಿದ್ದೇವೆ. ರಾತ್ರಿ ಊಟ ಆದಮೇಲೆ ಮುಕ್ಕಾಲು ಗಂಟೆ, ಅಷ್ಟೇ. ಎಲ್ಲರೂ ಮೇಜಿಗೆ ಬರಬೇಕು. ಟಿವಿ ಆಫ್. ನಮ್ಮ ಮನೆಯವರು ಕೊಬ್ಬರಿ, ನಾನು ಬೆಲ್ಲ, ಮಗಳು ಕಡಲೆಬೀಜದ ಸಿಪ್ಪೆ. ಅತ್ತೆ ಕತ್ತರಿಸುವುದಿಲ್ಲ, ಆರಿಸುತ್ತಾರೆ. ದಪ್ಪ ಚೂರು ಕಂಡರೆ ವಾಪಸ್ ನಮ್ಮ ಮುಂದೆ ಬರುತ್ತದೆ.

ಕೊಬ್ಬರಿ ವಿಷಯದಲ್ಲಿ ಮಾತ್ರ ರಾಜಿ ಬೇಡ. ತಿಪಟೂರು ಕಡೆಯ ಉಂಡೆ ಕೊಬ್ಬರಿಯನ್ನೇ ತರುತ್ತೇವೆ. ಅಲ್ಲಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಒಣಗಲು ಬಿಡುತ್ತಾರೆ. ಒಳಗಿನ ನೀರು ಪೂರ್ತಿ ಇಂಗಿ, ಕೊಬ್ಬರಿ ತಾನಾಗಿಯೇ ಕರಟ ಬಿಡುತ್ತದೆ. ಹಾಗೆ ಒಣಗಿದ್ದರಲ್ಲಿ ಎಣ್ಣೆಯ ಪರಿಮಳ ಇರುತ್ತದೆ, ಕಮಟು ಇರುವುದಿಲ್ಲ. ಕೊಳ್ಳುವಾಗ ಒಂದನ್ನು ಒಡೆಸಿ ಮೂಸಿ ನೋಡಿ. ಒಳಗೆ ಹಳದಿ ತಿರುಗಿದ್ದರೆ ಬೇಡ. ಮೇಲಿನ ಕಂದು ಸಿಪ್ಪೆಯನ್ನು ಪೂರ್ತಿ ಹೆರೆಯಬೇಕು, ಇಲ್ಲದಿದ್ದರೆ ಎಳ್ಳಿನ ಬಣ್ಣವೇ ಮಂಕಾಗುತ್ತದೆ. ಹೆರೆದದ್ದನ್ನು ಎಸೆಯಬೇಡಿ, ಚಟ್ನಿಪುಡಿಗೆ ಬರುತ್ತದೆ. ಚೂರು ಎಷ್ಟಿರಬೇಕು? ಕಡಲೆಬೀಜದ ಅರ್ಧ ಬೇಳೆಗಿಂತ ದೊಡ್ಡದಿರಬಾರದು. ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಐದೂ ಒಟ್ಟಿಗೆ ಸಿಗಬೇಕು, ಅಲ್ವಾ?

ಬೆಲ್ಲ ಗಟ್ಟಿ ಅಚ್ಚು ಬೆಲ್ಲವೇ ಆಗಬೇಕು. ಕೈಗೆ ಅಂಟುವ ಬೆಲ್ಲವನ್ನು ಎಷ್ಟು ಒಣಗಿಸಿದರೂ ಅಷ್ಟೇ. ಕತ್ತರಿಸಿದ ಕೊಬ್ಬರಿ ಮತ್ತು ಬೆಲ್ಲವನ್ನು ಬೇರೆ ಬೇರೆ ತಟ್ಟೆಯಲ್ಲಿ, ಮೇಲೆ ತೆಳು ಪಂಚೆ ಮುಚ್ಚಿ, ಟೆರೇಸಿನಲ್ಲಿ ಎರಡು ಮೂರು ದಿನ ಬಿಸಿಲಿಗೆ ಇಡುತ್ತೇವೆ. ಧನುರ್ಮಾಸದ ಬೆಳಗಿನ ಮಂಜು ತಾಗಿದರೆ ಬೆಲ್ಲ ಬೆವರುತ್ತದೆ. ಹತ್ತು ಗಂಟೆಗೆ ಇಟ್ಟು ನಾಲ್ಕಕ್ಕೆ ತೆಗೆಯಬೇಕು. ಇರುವೆಗೆ ಅತ್ತೆಯವರದೇ ಉಪಾಯ: ತಟ್ಟೆ ಇಟ್ಟ ಸ್ಟೂಲಿನ ನಾಲ್ಕೂ ಕಾಲಿನ ಕೆಳಗೆ ನೀರು ತುಂಬಿದ ಬಟ್ಟಲು.

ಹುರಿಯುವ ಕೆಲಸ ಹಬ್ಬಕ್ಕೆ ಮೂರು ದಿನ ಇರುವಾಗ. ಕಡಲೆಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ, ಎರಡು ಬೇಳೆ ಮಾಡುತ್ತೇವೆ. ಬಿಳಿ ಎಳ್ಳು ಚಟಪಟ ಅಂದ ತಕ್ಷಣ ಬಾಣಲೆಯಿಂದ ತೆಗೆಯಬೇಕು, ಇಲ್ಲದಿದ್ದರೆ ಕಹಿ. ಹುರಿಗಡಲೆ ಸುಮ್ನೆ ಬೆಚ್ಚಗಾದರೆ ಸಾಕು. ನಮ್ಮ ಮನೆಯ ಅಳತೆ: 1 ಲೋಟ ಎಳ್ಳಿಗೆ 2 ಲೋಟ ಕೊಬ್ಬರಿ, 2 ಕಡಲೆಬೀಜ, 2 ಹುರಿಗಡಲೆ, ಒಂದೂವರೆ ಬೆಲ್ಲ. ಬೆಲ್ಲ ಬೀಳುವುದು ಹಬ್ಬದ ಹಿಂದಿನ ದಿನ, ಎಲ್ಲವೂ ತಣ್ಣಗಾಗಿದೆ ಅಂತ ಕೈ ಹಾಕಿ ನೋಡಿದ ಮೇಲೆ. ಕೊನೆಗೆ ಒಂದು ಹಿಡಿ ಬಣ್ಣದ ಜೀರಿಗೆ ಪೆಪ್ಪರ್‌ಮಿಂಟು. ಅದು ಮಗಳ ಹಕ್ಕು.

ಇನ್ನು ಸಕ್ಕರೆ ಅಚ್ಚು. ನನಗೆ ಇಡೀ ಹಬ್ಬದಲ್ಲಿ ಅತಿ ಇಷ್ಟದ ಕೆಲಸ ಇದೇ. ಕಲಿಯಲು ಹೆಚ್ಚು ಕಾಲ ತೆಗೆದುಕೊಂಡದ್ದೂ ಇದೇ.

ನಮ್ಮಲ್ಲಿ ಒಂಬತ್ತು ಮರದ ಅಚ್ಚುಗಳಿವೆ. ಬಸವ, ಆನೆ, ನವಿಲು, ತುಳಸಿಕಟ್ಟೆ, ಕಳಶ... ಪ್ರತಿಯೊಂದೂ ಎರಡು ಹೋಳು. ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿ ಇಡಬೇಕು. ಮರ ಒಣಗಿದ್ದರೆ ಪಾಕವನ್ನು ಕುಡಿದುಬಿಡುತ್ತದೆ, ಬೊಂಬೆ ಬಿಡುವುದಿಲ್ಲ, ಬಸವನ ಕೊಂಬು ಅಚ್ಚಿನಲ್ಲೇ ಉಳಿಯುತ್ತದೆ. ಬೆಳಗ್ಗೆ ತೆಗೆದು ನೀರು ಒರೆಸಿ, ಎರಡು ಹೋಳು ಸೇರಿಸಿ ರಬ್ಬರ್ ಬ್ಯಾಂಡ್ ಬಿಗಿಯುತ್ತೇವೆ.

1 ಕೆಜಿ ಸಕ್ಕರೆಗೆ ಅದು ಮುಳುಗುವಷ್ಟೇ ನೀರು. ಕುದಿ ಬಂದಾಗ ಎರಡು ಚಮಚ ಹಾಲು. ಸಕ್ಕರೆಯ ಕೊಳೆಯೆಲ್ಲ ಹಾಲಿನ ಜೊತೆ ನೊರೆಯಾಗಿ ಮೇಲೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಸೋಸಿದರೆ ಪಾಕ ತಿಳಿಯಾಗುತ್ತದೆ. ನಿಂಬೆರಸ ಹಿಂಡಿದರೆ ಇನ್ನೂ ಬೆಳ್ಳಗಾಗುತ್ತದೆ ಅಂತ ಯಾರೋ ಹೇಳಿದ್ದರು. ಮೊದಲ ಸಲ ಒಂದು ಇಡೀ ಹಣ್ಣು ಹಿಂಡಿದೆ. ಪಾಕ ಎಷ್ಟು ಕಾಯಿಸಿದರೂ, ಎಷ್ಟು ತಿರುವಿದರೂ ಗಟ್ಟಿಯಾಗಲೇ ಇಲ್ಲ. ಅಚ್ಚು ಬಿಚ್ಚಿದರೆ ಅಂಟು ಅಂಟಾದ ರಸ ಮೇಜಿನ ಮೇಲೆ ಹರಿಯಿತು. ಕಾರಣ ಆಮೇಲೆ ತಿಳಿಯಿತು. ಹುಳಿ ಜಾಸ್ತಿಯಾದರೆ ಸಕ್ಕರೆ ಒಡೆದು ಬೇರೆ ಎರಡು ಬಗೆಯ ಸಕ್ಕರೆಯಾಗುತ್ತದೆ, ಮತ್ತೆ ಹರಳುಗಟ್ಟಲು ಬಿಡುವುದಿಲ್ಲ. ಈಗ ನಾಲ್ಕೇ ಹನಿ.

ಪೂರ್ತಿ ಪಾಕವನ್ನು ಒಮ್ಮೆಲೇ ಕಾಯಿಸಬಾರದು. ಎರಡು ಅಚ್ಚಿಗೆ ಆಗುವಷ್ಟು, ಒಂದು ಸೌಟು, ಸಣ್ಣ ಪಾತ್ರೆಗೆ. ಬೆರಳಲ್ಲಿ ಎಳೆ ಬಂದಾಗ ಒಲೆಯಿಂದ ಇಳಿಸಿ ಮರದ ಚಮಚದಲ್ಲಿ ತಿರುವುತ್ತಾ ಇರಬೇಕು. ಮೊದಲು ಏನೂ ಆಗುವುದಿಲ್ಲ. ಕನ್ನಡಿಯ ಹಾಗೆ ತಿಳಿಯಾಗಿಯೇ ಇರುತ್ತದೆ. ಆಮೇಲೆ ಪಾತ್ರೆಯ ಅಂಚಿನಲ್ಲಿ ಒಂದು ಮಸುಕು. ಚಮಚ ಸ್ವಲ್ಪ ಭಾರ ಅನ್ನಿಸುತ್ತದೆ. ನೋಡನೋಡುತ್ತಿದ್ದ ಹಾಗೆ ಪಾಕವೆಲ್ಲ ಹಾಲಿನಂತಾಗುತ್ತದೆ. ಆಗಲೇ ಸುರಿಯಬೇಕು. ಒಂದು ನಿಮಿಷ ತಡವಾದರೆ ಪಾತ್ರೆಯಲ್ಲೇ ಕಲ್ಲು. 'ಈಗ ಹುಯ್ಯೇ!' ಅಂತ ಅತ್ತೆ ಹಿಂದೆ ನಿಂತು ಹೇಳುತ್ತಿದ್ದರು. ಈ ವರ್ಷ ಅವರು ಹೇಳುವ ಮೊದಲೇ ಸುರಿದೆ. ಹತ್ತು ನಿಮಿಷ ಬಿಟ್ಟು ರಬ್ಬರ್ ಬ್ಯಾಂಡ್ ಬಿಚ್ಚಿ, ಹೋಳುಗಳನ್ನು ಮೆಲ್ಲಗೆ ಬಿಡಿಸಿದರೆ ಬೆಳ್ಳನೆಯ ನವಿಲು ಕೈಯಲ್ಲಿ. ಜುಟ್ಟು ಸಮೇತ. ಮಗಳು ಚಪ್ಪಾಳೆ ತಟ್ಟಿದಳು, ಅತ್ತೆ ಅದನ್ನು ತೆಗೆದು ದೇವರ ಮುಂದೆ ಇಟ್ಟರು.

ಹಬ್ಬ ಜನವರಿ 14ಕ್ಕೆ, ಕೆಲವು ವರ್ಷ 15ಕ್ಕೆ. ಬೆಳಗ್ಗೆ ಸಿಹಿ, ಖಾರ ಎರಡೂ ಪೊಂಗಲ್. ಸಂಜೆ ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು, ಬಾಳೆಹಣ್ಣು, ಅರಿಶಿನ ಕುಂಕುಮ ಇಟ್ಟುಕೊಂಡು ಮಗಳೂ ನಾನೂ ಮನೆ ಮನೆಗೆ ಹೋಗುತ್ತೇವೆ. 'ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ' ಅಂತ ಹೇಳುವುದು ಅವಳ ಕೆಲಸ. ಮೇಲಿನ ಮನೆಯವರು ವಿಜಯಪುರದ ಕಡೆಯವರು. ಅವರು ನಮಗೆ ಕುಸುರೆಳ್ಳು, ಅಂದರೆ ಸಕ್ಕರೆ ಪಾಕ ಹತ್ತಿಸಿದ ಎಳ್ಳು ಕೊಟ್ಟು, 'ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು' ಅನ್ನುತ್ತಾರೆ. ಮಗಳು ಈಗ ಎರಡೂ ಮಾತು ಕಲಿತಿದ್ದಾಳೆ. ಯಾರ ಮನೆಯಲ್ಲಿ ಯಾವುದು ಹೇಳಬೇಕು ಅನ್ನುವುದೂ ಗೊತ್ತು.

ಈ ಸಲ ನಾದಿನಿ ಎರಡು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. ಅವನನ್ನು ಮಣೆಯ ಮೇಲೆ ಕೂರಿಸಿ ಕರಿ ಎರೆದೆವು. ಎಳಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು, ಎಳ್ಳು ಎಲ್ಲ ಪಾವಿನಲ್ಲಿ ತುಂಬಿ ತಲೆಯ ಮೇಲಿಂದ ಸುರಿಯುವುದು. ಮೊದಲ ಪಾವಿಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಎರಡನೆಯದಕ್ಕೆ ನಗು ಬಂತು. ಮೂರನೆಯದು ಸುರಿಯುವ ಮೊದಲೇ ಮಹಡಿಯ ಮಕ್ಕಳೆಲ್ಲ ಕಾಸಿಗೆ ನೆಲದ ಮೇಲೆ ಬಿದ್ದಿದ್ದರು. ಊರಲ್ಲಿ ಈ ಹೊತ್ತಿಗೆ ದನಗಳಿಗೆ ಕಿಚ್ಚು ಹಾಯಿಸುತ್ತಿರುತ್ತಾರೆ ಅಂತ ಅತ್ತೆ ನೆನಪು ಮಾಡಿಕೊಂಡರು. ಮುಂದಿನ ವರ್ಷ ಮಗಳನ್ನು ಕರೆದುಕೊಂಡು ಹೋಗಿ ತೋರಿಸಬೇಕು.

ಅಚ್ಚುಗಳನ್ನು ಬಿಸಿನೀರಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದೆ. ಬಿಸಿಲಿಗೆ ಇಟ್ಟರೆ ಮರ ಸೀಳುತ್ತದೆ. ಹಳೇ ಹತ್ತಿ ಸೀರೆಯಲ್ಲಿ ಸುತ್ತಿ ಅಡಕತ್ತರಿ ಜೊತೆ ಅಟ್ಟಕ್ಕೆ ಹಾಕುವಾಗ ಮಗಳು ಓಡಿ ಬಂದು ಗಂಟಿನೊಳಗೆ ಒಂದು ಚೀಟಿ ತುರುಕಿದಳು. ದುಂಡು ಅಕ್ಷರದಲ್ಲಿ ಬರೆದಿತ್ತು: 'ನಿಂಬೆ 4 ಹನಿ. ಮುಂದಿನ ವರ್ಷ ಬೆಲ್ಲ ನಾನು ಕತ್ತರಿಸುವುದು.'