ಮೆಡಿಕಲ್ ಸೀಟಿಗೆ ಆಪ್ಷನ್ ಪಟ್ಟಿ ಬರೆಯುವುದು ಹೇಗೆ?

ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನ ರಿಸಲ್ಟ್ ಬಂದ ವಾರ ನಮ್ಮ ಮನೆ ಜಗುಲಿ ಖಾಲಿ ಇರುವುದಿಲ್ಲ. ನಾನು ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳುವ ಮೇಷ್ಟ್ರು. ಪಾಠ ಹೇಳಿದ್ದಕ್ಕಿಂತ ಆಪ್ಷನ್ ಪಟ್ಟಿ, ಅಂದರೆ ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಬರೆದುಕೊಡುವ ಪಟ್ಟಿ, ತಿದ್ದಿದ್ದಕ್ಕೇ ಊರಲ್ಲಿ ಹೆಸರು ಜಾಸ್ತಿ. ಈ ಸಲ ಮೊದಲು ಬಂದವರು ಮದ್ದೂರು ಕಡೆಯ ಅಪ್ಪ, ಮಗಳು. ಅಪ್ಪನ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ನೋಟ್‌ಬುಕ್ ಹಾಳೆ. ಅದರಲ್ಲಿ ಹನ್ನೆರಡು ಕಾಲೇಜಿನ ಹೆಸರು. ಎಲ್ಲಕ್ಕಿಂತ ಮೇಲೆ ಒಂದು ಖಾಸಗಿ ಕಾಲೇಜು. ಮೈಸೂರು ಮೆಡಿಕಲ್ ಕಾಲೇಜು ಒಂಬತ್ತನೆಯದು.

"ಯಾಕೆ ಹಿಂಗೆ?" ಅಂದೆ.

"ಸಿಗಾದ್ ಮೇಲ್ ಹಾಕಿವ್ನಿ ಸಾ. ಮೈಸೂರು ನಮ್ ಮಗೀಗ್ ಎಲ್ ಸಿಕ್ತದೆ?"

ತಪ್ಪು ಇರುವುದು ಈ ಉತ್ತರದಲ್ಲೇ. ಅಲ್ಲಿಗೆ ಆಮೇಲೆ ಬರುತ್ತೇನೆ. ಪಟ್ಟಿಗೆ ಕೈ ಹಾಕುವ ಮುಂಚೆ ಮಾಡಿಕೊಳ್ಳಬೇಕಾದ ಕೆಲಸ ನಾಲ್ಕೈದು ಇವೆ.

ಮೊದಲು: ಅಂಕ ಬಿಡಿ, ರ‍್ಯಾಂಕ್ ಹಿಡಿಯಿರಿ

"ಪಕ್ಕದ ಮನೆ ಹುಡುಗನಿಗೆ ಇಷ್ಟೇ ಮಾರ್ಕ್ಸ್‌ಗೆ ಸೀಟು ಸಿಕ್ಕಿತ್ತು" ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಆ ಲೆಕ್ಕ ಸುಮ್ನೆ. 720ಕ್ಕೆ ಎಷ್ಟು ಬಂತು ಎಂಬುದು ಆ ವರ್ಷದ ಪ್ರಶ್ನೆಪತ್ರಿಕೆಯ ಮೇಲೆ ಹೋಗುತ್ತದೆ. 2024ರಲ್ಲಿ ಮೊದಲು ಬಿಟ್ಟ ರಿಸಲ್ಟ್‌ನಲ್ಲಿ 67 ಮಕ್ಕಳಿಗೆ 720ಕ್ಕೆ 720 ಬಂದಿತ್ತು, ಪರಿಷ್ಕರಣೆ ಆದ ಮೇಲೆ ಅದು 17ಕ್ಕೆ ಇಳಿಯಿತು. ಮರುವರ್ಷ, 2025ರಲ್ಲಿ, ಇಡೀ ದೇಶಕ್ಕೆ ಮೊದಲು ಬಂದ ಹುಡುಗನಿಗೇ 686. 2024ರಲ್ಲಿ 650 ತೆಗೆದವರು ಹತ್ತಾರು ಸಾವಿರ ಜನರ ಹಿಂದೆ ನಿಂತಿದ್ದರು. 2025ರಲ್ಲಿ 650 ದಾಟಿದವರು ದೇಶದಲ್ಲೇ ನೂರು ಜನ ಇರಲಿಲ್ಲ. ಅದೇ ಅಂಕ, ಎರಡು ಬೇರೆ ಲೋಕ.

ಹಾಗಾಗಿ ಹೋಲಿಸುವುದಿದ್ದರೆ ರ‍್ಯಾಂಕನ್ನು ರ‍್ಯಾಂಕಿನ ಜೊತೆ ಹೋಲಿಸಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ನಮ್ಮ ಕೆಇಎ, ಪ್ರತಿ ವರ್ಷ ಕಾಲೇಜುವಾರು, ಕೆಟಗರಿವಾರು ಕಟ್-ಆಫ್ ಪಟ್ಟಿ, ಅಂದರೆ ಎಷ್ಟನೇ ರ‍್ಯಾಂಕಿನವರೆಗೆ ಸೀಟು ಸಿಕ್ಕಿತು ಎಂಬ ಪಟ್ಟಿ, ಬಿಡುತ್ತದೆ. ಹಿಂದಿನ ಎರಡು ಮೂರು ವರ್ಷದ್ದು ಇಳಿಸಿಕೊಳ್ಳಿ. ಸೀಟು ಹಂಚಿಕೆಯ ಮೊದಲ ಸುತ್ತಿನದು ಮಾತ್ರ ನೋಡಿ ಎದೆ ಒಡೆದುಕೊಳ್ಳಬೇಡಿ. ಕೊನೆಯ ಸುತ್ತಿನ ಹೊತ್ತಿಗೆ ರ‍್ಯಾಂಕ್ ಎಷ್ಟೋ ಕೆಳಗೆ ಜಾರಿರುತ್ತದೆ.

ಇನ್ನೊಂದು ಮಾತು. ನೀಟ್‌ನಲ್ಲಿ ಜನರಲ್ ಮಕ್ಕಳು 50ನೇ ಪರ್ಸೆಂಟೈಲ್ (ಅಂದರೆ ಬರೆದವರಲ್ಲಿ ಅರ್ಧ ಜನ ಅವರಿಗಿಂತ ಹಿಂದೆ), ಮೀಸಲಾತಿಯವರು 40ನೇ ಪರ್ಸೆಂಟೈಲ್ ದಾಟಿದರೆ 'ಕ್ವಾಲಿಫೈಡ್' ಅಂತ ಬರುತ್ತದೆ. ಅದು ಸೀಟು ಹಂಚುವ ಕೌನ್ಸೆಲಿಂಗ್‌ನ ಗೇಟು ದಾಟಲು ಕೊಟ್ಟ ಚೀಟಿ ಅಷ್ಟೆ. ಅದನ್ನು ನೋಡಿ ಬೀದಿಗೆಲ್ಲ ಸ್ವೀಟ್ ಹಂಚಿದವರನ್ನು ಕಂಡಿದ್ದೇನೆ, ಪಾಪ.

ಎರಡು ಬಾಗಿಲು

ರಾಜ್ಯದ ಸರ್ಕಾರಿ ಕಾಲೇಜುಗಳ ಶೇಕಡಾ 85ರಷ್ಟು ಸೀಟನ್ನು ಕೆಇಎ ತುಂಬುತ್ತದೆ. ಉಳಿದ ಶೇಕಡಾ 15ರಷ್ಟು ಅಖಿಲ ಭಾರತ ಕೋಟಾ, ಅದನ್ನು ದೆಹಲಿಯ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ, ಅಂದರೆ ಎಂಸಿಸಿ ನೋಡಿಕೊಳ್ಳುತ್ತದೆ. ಏಮ್ಸ್, ಜಿಪ್ಮರ್, ಡೀಮ್ಡ್ (ವಿಶ್ವವಿದ್ಯಾಲಯದ ಸ್ಥಾನ ಪಡೆದ) ಸಂಸ್ಥೆಗಳ ಸೀಟೂ ಎಂಸಿಸಿ ಕಡೆಯಿಂದಲೇ.

ನಮ್ಮ ಕಡೆಯವರು ಎಡವುವ ಜಾಗ ಇದು. ಮೈಸೂರಿನ ಬನ್ನಿಮಂಟಪದ ಜೆಎಸ್ಎಸ್ ಮೆಡಿಕಲ್ ಕಾಲೇಜು ಡೀಮ್ಡ್. ಕೆಇಎ ಪಟ್ಟಿಯಲ್ಲಿ ಹುಡುಕಿ "ಹೆಸರೇ ಇಲ್ವಲ್ಲ" ಎಂದು ಗಾಬರಿ ಆಗುವವರು ಪ್ರತಿ ವರ್ಷ ಸಿಗುತ್ತಾರೆ. ಅದು ಬೇಕಿದ್ದರೆ ಎಂಸಿಸಿಯಲ್ಲಿ ಬೇರೆಯಾಗಿ ರಿಜಿಸ್ಟರ್ ಆಗಬೇಕು, ಡೀಮ್ಡ್‌ಗೆ ಎಂದು 2 ಲಕ್ಷ ಡಿಪಾಸಿಟ್ ಕಟ್ಟಬೇಕು. ಮೈಸೂರು ಮೆಡಿಕಲ್ ಕಾಲೇಜು, ಮಂಡ್ಯದ ಮಿಮ್ಸ್, ಚಾಮರಾಜನಗರ, ಹಾಸನ, ಮಡಿಕೇರಿಯ ಸರ್ಕಾರಿ ಕಾಲೇಜುಗಳು, ನಾಗಮಂಗಲ ತಾಲ್ಲೂಕು ಬಿ.ಜಿ. ನಗರದ ಆದಿಚುಂಚನಗಿರಿ, ಇವೆಲ್ಲ ಕೆಇಎ ಪಟ್ಟಿಯಲ್ಲಿ ಸಿಗುತ್ತವೆ. ಎರಡೂ ಕಡೆ ಹೆಸರು ಹಾಕಬಹುದು. ಎರಡೂ ಕಡೆ ಸೀಟು ಹಿಡಿದು ಕೂರಲು ಮಾತ್ರ ಆಗುವುದಿಲ್ಲ.

ಹಾಗೇ, ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಎ, 3ಬಿ ಸರ್ಟಿಫಿಕೇಟ್ ಎಂಸಿಸಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಸರ್ಟಿಫಿಕೇಟೂ ಕೇಂದ್ರದ ನಮೂನೆಯಲ್ಲೇ ಇರಬೇಕು.

ಕಾಗದ ಪತ್ರ

ನಾಡಕಚೇರಿಯಲ್ಲಿ ಮಾಡಿಸಿದ ಜಾತಿ ಆದಾಯ ಪತ್ರದ ಮೇಲೆ ಆರ್‌ಡಿ ನಂಬರ್ ಇರುತ್ತದೆ. ಕೆಇಎಗೆ ಬೇಕಿರುವುದು ಆ ನಂಬರ್. ಮಗುವಿನ ಹೆಸರಿನಲ್ಲೇ ಮಾಡಿಸಿ, ಇನಿಷಿಯಲ್ ಸಮೇತ ಹೆಸರು ತಾಳೆಯಾಗುತ್ತಾ ನೋಡಿ, ಅವಧಿ ಮುಗಿದಿದೆಯಾ ನೋಡಿ. ವ್ಯಾಸಂಗ ಪತ್ರಗಳಿಗೆ ಬಿಇಒ ಮೇಲು ಸಹಿ ಬೇಕಾಗುತ್ತದೆ. ಜೂನ್ ತಿಂಗಳಲ್ಲಿ ಬಿಇಒ ಕಚೇರಿಯ ರಶ್ಶು ಬಲ್ಲವರೇ ಬಲ್ಲರು. ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ.

ಗ್ರಾಮೀಣ ಕೋಟಾದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಟ್-ಆಫ್ ಪಟ್ಟಿಯಲ್ಲಿ 3ಎಜಿ, 3ಎಆರ್, 3ಎಕೆ ಎಂಬ ಕಾಲಂ ನೋಡಿರುತ್ತೀರಿ. ಜಿ ಅಂದರೆ ಜನರಲ್, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಆರ್. ಹತ್ತೂ ವರ್ಷ ಕನ್ನಡ ಮಾಧ್ಯಮವಾದರೆ ಕೆ. ಮದ್ದೂರಿನ ಹುಡುಗಿ ಏಳನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದ್ದಳು. ಎಂಟರಿಂದ ಮಂಡ್ಯದ ಇಂಗ್ಲಿಷ್ ಮೀಡಿಯಂ ಶಾಲೆಗೆ ದಿನಾ ಬಸ್ಸಿನಲ್ಲಿ ಓಡಾಟ. "ಮನೆ ಹಳ್ಳೀಲೇ ಐತಲ್ಲ ಸಾ" ಅಂದರು ಅಪ್ಪ. ಮನೆ ಲೆಕ್ಕಕ್ಕಿಲ್ಲ, ಶಾಲೆ ಎಲ್ಲಿದೆ ಅನ್ನುವುದು ಲೆಕ್ಕ. ಆ ಮೂರು ವರ್ಷಕ್ಕೆ ಆರ್ ಕೂಡ ಹೋಯಿತು, ಕೆ ಕೂಡ ಹೋಯಿತು. ಉಳಿದದ್ದು 3ಎಜಿ. ಅವರು ಅಲ್ಲಿಯವರೆಗೆ 3ಎಆರ್ ಕಾಲಂ ನೋಡಿಕೊಂಡು ಸೀಟಿನ ಲೆಕ್ಕ ಹಾಕುತ್ತಿದ್ದರು.

ದುಡ್ಡಿನ ಗೆರೆ

ಇದು ಮಗಳ ಮುಂದೆ ಆಡಲು ಕಷ್ಟದ ಮಾತು. ಆದರೂ ಪಟ್ಟಿಗೆ ಮುಂಚೆಯೇ ಆಡಬೇಕು. ಸರ್ಕಾರಿ ಕಾಲೇಜಿನ ಫೀಸ್ ವರ್ಷಕ್ಕೆ ಲಕ್ಷದೊಳಗೆ. ಖಾಸಗಿ ಕಾಲೇಜಿನ ಸೀಟುಗಳಲ್ಲೂ ಸಾಮಾನ್ಯವಾಗಿ ಶೇಕಡಾ 40ರಷ್ಟು ಸರ್ಕಾರಿ ಕೋಟಾಕ್ಕೆ ಹೋಗುತ್ತವೆ, ಅವು ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಅದೇ ಬೆಂಚು ಖಾಸಗಿ ಕೋಟಾದಲ್ಲಿ ಹತ್ತು ಹನ್ನೆರಡು ಲಕ್ಷ. ಡೀಮ್ಡ್ ಅದಕ್ಕಿಂತಲೂ ಮೇಲೆ. ಇದರ ಮೇಲೆ ಹಾಸ್ಟೆಲ್, ಮೆಸ್, ಪುಸ್ತಕ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ವರ್ಷದ ಫೀಸನ್ನು ನೋಡಬೇಡಿ, ಇಡೀ ಕೋರ್ಸಿನ ಫೀಸನ್ನು ಒಂದು ಹಾಳೆಯಲ್ಲಿ ಬರೆದು ನೋಡಿ.

ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ಯಾವ ಆಸ್ತಿ ಒಪ್ಪುತ್ತಾರೆ ಅಂತ ಈಗಲೇ ಹೋಗಿ ಕೇಳಿ. ಸೀಟು ಬಂದ ಮೇಲೆ ಫೀಸ್ ಕಟ್ಟಲು ಕೊಡುವುದು ನಾಲ್ಕೈದು ದಿನ. ಅಷ್ಟರೊಳಗೆ ಸಾಲವೂ ಆಗುವುದಿಲ್ಲ, ಕಬ್ಬಿನ ದುಡ್ಡೂ ಬರುವುದಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ

ಕಾಲೇಜು ನೋಡುವುದು ಅಂದರೆ ಎಲ್ಲರೂ ಕಟ್ಟಡ ನೋಡಿ ಬರುತ್ತಾರೆ. ಡಾಕ್ಟರ್ ಆಗುವುದು ಕಟ್ಟಡದಲ್ಲಲ್ಲ, ವಾರ್ಡಿನಲ್ಲಿ. ಸೋಮವಾರ ಹತ್ತು ಗಂಟೆಗೆ ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆಯ ಓಪಿಡಿಯಲ್ಲಿ ಅರ್ಧ ಗಂಟೆ ನಿಲ್ಲಿ. ಎಚ್.ಡಿ. ಕೋಟೆಯಿಂದ, ನಂಜನಗೂಡಿನಿಂದ, ಕೊಳ್ಳೇಗಾಲದಿಂದ ಮೊದಲ ಬಸ್ಸಿಗೆ ಬಂದವರ ಸಾಲು. ಕೈಯಲ್ಲಿ ಮಡಚಿದ ಚೀಟಿ, ಬಗಲಲ್ಲಿ ಎಕ್ಸ್‌ರೇ ಕವರ್. ಪಕ್ಕದ ಚೆಲುವಾಂಬದಲ್ಲಿ ಹೆರಿಗೆಗೆ ಬಂದ ಹೆಣ್ಣುಮಕ್ಕಳು, ಫ್ಲಾಸ್ಕ್ ಹಿಡಿದ ಅಜ್ಜಿಯರು. ಗೋಡೆಯ ಬಣ್ಣ ಉದುರಿರಬಹುದು. ಆದರೆ ಆ ಸಾಲಿನಲ್ಲಿ ನಿಮ್ಮ ಮಗಳು ಪುಸ್ತಕದಲ್ಲಿ ಓದುವ ಕಾಯಿಲೆಗಳೆಲ್ಲ ನಿಂತಿರುತ್ತವೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಕಾಲೇಜು ಅದು. ಅದರ ಬೆಲೆ ಇರುವುದು ಈ ರಶ್ಶಿನಲ್ಲಿ.

ಬೇರೆ ಒಂದು ಕಡೆ, ಹೆಸರು ಬೇಡ, ಒಬ್ಬ ವಿದ್ಯಾರ್ಥಿಯ ಜೊತೆ ಹೋಗಿದ್ದೆ. ಗ್ರಾನೈಟ್ ನೆಲ ಕನ್ನಡಿ ಥರ ಹೊಳೆಯುತ್ತಿತ್ತು. ವಾರ್ಡಿಗೆ ಹೋದರೆ ಸಾಲು ಹಾಸಿಗೆ, ಅರ್ಧಕ್ಕರ್ಧ ಹಾಸಿಗೆಯ ಮೇಲೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಎನ್‌ಎಂಸಿ, ಅಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದ ಪ್ರಕಾರ 100 ಸೀಟಿನ ಕಾಲೇಜಿಗೆ 420 ಹಾಸಿಗೆಯ ಆಸ್ಪತ್ರೆ ಬೇಕು, 150 ಸೀಟಿಗೆ 605. ಹಾಸಿಗೆ ಎಷ್ಟು ಅಂತ ಬೋರ್ಡಿನಲ್ಲೇ ಬರೆದಿರುತ್ತಾರೆ. ಅದರ ಮೇಲೆ ಮಲಗಿದವರು ಎಷ್ಟು ಅಂತ ನೀವೇ ಎಣಿಸಬೇಕು.

ಡೀನ್ ಚೇಂಬರ್‌ಗಿಂತ ಕ್ಯಾಂಟೀನಿನಲ್ಲಿ ಕೂತ ಹೌಸ್ ಸರ್ಜನ್‌ಗಳನ್ನು ಮಾತಾಡಿಸಿ. ಒಂದು ಟೀ ಕೊಡಿಸಿದರೆ ಎಲ್ಲ ಹೇಳುತ್ತಾರೆ. ಸ್ಟೈಪೆಂಡ್ ತಿಂಗಳು ತಿಂಗಳು ಕೈಗೆ ಬರುತ್ತಾ? ನೀವೇ ಎಷ್ಟು ಹೆರಿಗೆ ಮಾಡಿಸಿದ್ದೀರಿ? ಲೇಡೀಸ್ ಹಾಸ್ಟೆಲ್‌ನಲ್ಲಿ ಮೊದಲ ವರ್ಷಕ್ಕೇ ರೂಮು ಸಿಗುತ್ತಾ? ಈ ಮೂರು ಪ್ರಶ್ನೆ ಸಾಕು.

ಈಗ ಪಟ್ಟಿ

ಕೆಇಎ ಕಂಪ್ಯೂಟರ್ ಮಾಡುವ ಕೆಲಸ ತುಂಬಾ ಸರಳ. ಮೇಲಿನ ರ‍್ಯಾಂಕಿನಿಂದ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ಅವರ ಪಟ್ಟಿಯನ್ನು ಮೊದಲ ಸಾಲಿನಿಂದ ಓದುತ್ತಾ ಬರುತ್ತದೆ. ಯಾವ ಸಾಲಿನಲ್ಲಿ ಮೊದಲು ಸೀಟು ಕಂಡಿತೋ, ಎಲ್ಲರಿಗೂ ತೆರೆದ ಜಿಎಂನಲ್ಲಾಗಲಿ ಅವರ ಕೆಟಗರಿಯಲ್ಲಾಗಲಿ, ಅದನ್ನು ಕೊಟ್ಟು ಮುಂದಿನವರ ಕಡೆ ಹೋಗುತ್ತದೆ. ಮೈಸೂರನ್ನು ಮೊದಲು ಬರೆದು ಅದು ಸಿಗದಿದ್ದರೆ ಎರಡನೇ ಸಾಲಿನ ಅವಕಾಶ ಒಂದು ಚೂರೂ ಕಮ್ಮಿ ಆಗುವುದಿಲ್ಲ. 'ದೊಡ್ಡ ಕಾಲೇಜು ಮೇಲೆ ಹಾಕಿದರೆ ಚಾನ್ಸ್ ಹಾಳು' ಎಂಬುದು ಬರೀ ಭಯ.

ಉಲ್ಟಾ ಬರೆದರೆ ಏನಾಗುತ್ತದೆ ಅಂತ ನನ್ನ ಕೈಯಿಂದಲೇ ಕಲಿತೆ. ಕೆಲವು ವರ್ಷದ ಹಿಂದೆ ನನ್ನ ಅಣ್ಣನ ಮಗನ ಪಟ್ಟಿ ಬರೆದವನು ನಾನೇ. ಮನೆಗೆ ಹತ್ತಿರ ಅಂತ ಖಾಸಗಿ ಫೀಸಿನ ಒಂದು ಸೀಟನ್ನು ಐದನೇ ಸಾಲಿಗೆ ಹಾಕಿದೆ. ದೂರದ ಸರ್ಕಾರಿ ಕಾಲೇಜನ್ನು ಹನ್ನೊಂದಕ್ಕೆ ತಳ್ಳಿದೆ. ಐದನೆಯದೇ ಬಂತು. ಒಂದು ಸಾಲು ಬಂತೆಂದರೆ ಅದರ ಕೆಳಗಿನವೆಲ್ಲ ಅಳಿಸಿಹೋಗುತ್ತವೆ, ಮುಂದಿನ ಸುತ್ತಿನಲ್ಲಿ ಮೇಲಿನವಕ್ಕೆ ಮಾತ್ರ ದಾರಿ. ಕಟ್-ಆಫ್ ಬಂದಾಗ ನೋಡಿದರೆ ಹನ್ನೊಂದನೆಯ ಸರ್ಕಾರಿ ಸೀಟು ಅವನ ರ‍್ಯಾಂಕಿಗೆ ಸಿಗುತ್ತಿತ್ತು. ಅಣ್ಣ ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಪಟ್ಟಿಯ ಯಾವುದೇ ಎರಡು ಸಾಲು ಹಿಡಿದು ಮಗುವನ್ನು ಕೇಳಿ: "ಎರಡೂ ಕೈಗೆ ಬಂದರೆ ಯಾವುದಕ್ಕೆ ಹೋಗ್ತೀಯ?" ಅವಳು ಕೆಳಗಿನದನ್ನು ಹೇಳಿದರೆ ಸಾಲು ಅದಲು ಬದಲು ಮಾಡಿ. ಪೂರ್ತಿ ಪಟ್ಟಿಗೆ ಹೀಗೇ ಮಾಡಿ. ಸಿಗುತ್ತೋ ಇಲ್ಲವೋ ಎಂಬ ಪ್ರಶ್ನೆಗೆ ಇಲ್ಲಿ ಕೆಲಸವಿಲ್ಲ, ಅದನ್ನು ರ‍್ಯಾಂಕ್ ನೋಡಿಕೊಳ್ಳುತ್ತದೆ. ಕಟ್-ಆಫ್ ಬೇಕಾಗುವುದು ಪಟ್ಟಿ ಎಷ್ಟು ಉದ್ದ ಇರಬೇಕು ಅಂತ ತಿಳಿಯಲು. ಹೋದ ವರ್ಷ ನಿಮ್ಮ ರ‍್ಯಾಂಕಿಗೆ ಆರಾಮಾಗಿ ಸಿಕ್ಕ ಕಾಲೇಜುಗಳು ಕೆಳಗಡೆ ನಾಲ್ಕೈದಾದರೂ ಇರಲಿ. ಬೀದರ್, ಯಾದಗಿರಿ ದೂರ ಅಂತ ಬಿಡಬೇಡಿ. ಒಂದು ರಾತ್ರಿಯ ಪ್ರಯಾಣ ಅಷ್ಟೆ. ಆದರೆ ಆ ಕಡೆಯ ಕಾಲೇಜುಗಳಲ್ಲಿ ಸಂವಿಧಾನದ 371ಜೆ ವಿಧಿಯ ಪ್ರಕಾರ ಶೇಕಡಾ 70ರಷ್ಟು ಸೀಟು ಕಲ್ಯಾಣ ಕರ್ನಾಟಕದವರಿಗೆ ಮೀಸಲು. ಕಟ್-ಆಫ್ ನೋಡುವಾಗ ನಮಗೆ ಸಲ್ಲುವ ಕಾಲಂ ಮೇಲೇ ಕಣ್ಣಿರಲಿ.

ದುಡ್ಡಿನ ಗೆರೆ ದಾಟಿದ ಸಾಲು ಒಂದೂ ಬೇಡ. ಇರಲಿ ಬಿಡು ಅಂತ ಹಾಕಿದ್ದೇ ಬರುತ್ತದೆ. ಆಪ್ಷನ್ ಹಾಕುವಾಗ ಕಾಲೇಜಿನ ಹೆಸರಿನ ಜೊತೆ ಫೀಸ್ ಎಷ್ಟು ಅಂತಲೂ ಓದಿಯೇ ಒತ್ತಿ.

ಮಾಕ್ ಬಂದ ಮೇಲೆ

ಮೊದಲು ಅಣಕು ಹಂಚಿಕೆ ಬರುತ್ತದೆ. ಅದು ನಿಜದ ಸೀಟಲ್ಲ. ಬಂದ ಸೀಟು ನೋಡಿ ಖುಷಿಯಿಂದ ಮಿಕ್ಕ ಆಪ್ಷನ್ ಅಳಿಸಬೇಡಿ. ತಪ್ಪಿದ್ದರೆ ತಿದ್ದಲು ಅದೇ ಸಮಯ. ನಿಜದ ಸುತ್ತಿನಲ್ಲಿ ಸೀಟು ಬಂದರೆ ಚಾಯ್ಸ್ ಕೇಳುತ್ತದೆ. ಒಂದು ಅಂದರೆ ಇದೇ ಸಾಕು, ಸೇರುತ್ತೇನೆ. ಎರಡು ಅಂದರೆ ಇದು ಇರಲಿ, ಮೇಲಿನದು ಸಿಕ್ಕಿದರೆ ಹೋಗುತ್ತೇನೆ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ಎರಡು ಒತ್ತಿ ಮೇಲಿನದು ಬಂದರೆ ಹಳೆಯದು ಹೋಯಿತು, ವಾಪಸ್ ಸಿಗುವುದಿಲ್ಲ. ಮೂರು ಒತ್ತಲು ಧೈರ್ಯಕ್ಕಿಂತ ಮೊಂಡುತನ ಬೇಕು. ನಾನು ಸಾಮಾನ್ಯವಾಗಿ ಒತ್ತಲು ಬಿಡುವುದಿಲ್ಲ. ಕೊನೆಯ ಸುತ್ತುಗಳಲ್ಲಿ ಸೀಟು ತೆಗೆದುಕೊಂಡು ಸೇರದಿದ್ದರೆ ದಂಡ ಬೀಳುತ್ತದೆ. ನಿಯಮ ವರ್ಷ ವರ್ಷ ಅಲ್ಲಿ ಇಲ್ಲಿ ಬದಲಾಗುತ್ತಿರುತ್ತದೆ, ಆ ವರ್ಷದ ಮಾಹಿತಿ ಪುಸ್ತಕವನ್ನು ಒಂದು ಸಂಜೆ ಕೂತು ಓದಿಬಿಡಿ.

ಕತ್ತಲಾಗುವ ಹೊತ್ತಿಗೆ ಮದ್ದೂರಿನ ಹುಡುಗಿಯ ಪಟ್ಟಿ ಹನ್ನೆರಡರಿಂದ ಇಪ್ಪತ್ತಾರು ಸಾಲಾಗಿತ್ತು. ಮೈಸೂರು ಎರಡನೆಯದು, ಮಂಡ್ಯ ನಾಲ್ಕನೆಯದು. ಮೊದಲು ಮೇಲಿದ್ದ ಖಾಸಗಿ ಕಾಲೇಜಿನ ಮೇಲೆ ಅಪ್ಪನೇ ಗೀಟು ಎಳೆದಿದ್ದರು. ಹೊರಡುವಾಗ ಕೇಳಿದೆ: "ರಿಜಿಸ್ಟ್ರೇಷನ್‌ಗೆ ಯಾರ ಮೊಬೈಲ್ ನಂಬರ್ ಕೊಟ್ಟಿದ್ದೀರಿ? ಓಟಿಪಿ ಅದಕ್ಕೇ ಬರೋದು."

ಹುಡುಗಿ ಅಪ್ಪನ ಮುಖ ನೋಡಿದಳು.

"ಸೈಬರ್ ಸೆಂಟರ್ ಹುಡ್ಗಂದು ಸಾ. ಎಂಟಕ್ಕೆ ಬಾಗ್ಲ್ ಹಾಕ್ತನೆ." ಅಪ್ಪ ಆಗಲೇ ಬೈಕ್ ಕಿಕ್ ಹೊಡೆಯುತ್ತಿದ್ದರು.