ಪರಿಹಾರ ಕಾರ್ಯದ ಪಾಳಿ ಮತ್ತು ಟ್ರಯಥ್ಲಾನ್ ತಯಾರಿ: ನನ್ನ ಅನುಭವ

1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್ ಸವಾರಿ ಮತ್ತು 21.1 ಕಿ.ಮೀ. ಓಟ ಸೇರಿದ ಅರ್ಧ ದೂರದ ಟ್ರಯಥ್ಲಾನ್‌ಗೆ ನಾನು ತಯಾರಾಗುತ್ತಿದ್ದೆ. ಅಭ್ಯಾಸ ಅತ್ಯಂತ ಭಾರವಾಗಿದ್ದ ಹಂತದಲ್ಲಿಯೇ ನಮ್ಮ ಸ್ವಯಂಸೇವಕರ ತಂಡಕ್ಕೆ ನೆರೆ ಪರಿಹಾರದ ಕರೆ ಬಂದಿತು. ಹೋಗುವುದೋ ಬೇಡವೋ ಎಂಬ ಯೋಚನೆಗೆ ಅಲ್ಲಿ ಅವಕಾಶವಿರಲಿಲ್ಲ. ಕೆಲಸ ಮುಗಿಯುವವರೆಗೆ ದೇಹವನ್ನು ಹೇಗೆ ನೋಡಿಕೊಳ್ಳಬೇಕು, ಹಿಂದಿರುಗಿದ ಮೇಲೆ ಅಭ್ಯಾಸವನ್ನು ಎಲ್ಲಿಂದ ಹಿಡಿಯಬೇಕು ಎಂಬುದನ್ನಷ್ಟೇ ನಾನು ನಿರ್ಧರಿಸಬೇಕಾಗಿತ್ತು.

ಅಭ್ಯಾಸದ ಡೈರಿಯಲ್ಲಿ ಖಾಲಿ ಉಳಿದ ದಿನಗಳನ್ನು ವಿಶ್ರಾಂತಿಯ ದಿನಗಳೆಂದು ಎಣಿಸಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೂಳು ಎತ್ತುವುದು, ಮರಳಿನ ಚೀಲಗಳನ್ನು ಕೈಯಿಂದ ಕೈಗೆ ದಾಟಿಸುವುದು, ಮೊಣಕಾಲುದ್ದದ ನೀರಿನಲ್ಲಿ ಗಂಟೆಗಟ್ಟಲೆ ನಿಲ್ಲುವುದು, ಇವೆಲ್ಲ ಸೊಂಟ, ಭುಜ ಮತ್ತು ಮುಂಗೈಗಳನ್ನು ದಣಿಸುತ್ತವೆಯೇ ಹೊರತು ದೂರದ ಓಟಕ್ಕೆ ಬೇಕಾದ ಸಾಮರ್ಥ್ಯವನ್ನು ಬೆಳೆಸುವುದಿಲ್ಲ. ಅದರ ಮೇಲೆ ಪಾಳಿಯ ಕೆಲಸದಿಂದ ನಿದ್ದೆ ಚೂರುಚೂರಾಗುತ್ತದೆ. ಹೀಗೆ ಒಂದೆಡೆ ಗಳಿಸಿದ ಸಾಮರ್ಥ್ಯ ಕರಗುತ್ತಿರುತ್ತದೆ, ಇನ್ನೊಂದೆಡೆ ಆಯಾಸ ಕೂಡುತ್ತಿರುತ್ತದೆ. ಸಾಮಾನ್ಯ ವಿರಾಮದಲ್ಲಿ ಇವೆರಡೂ ಒಟ್ಟಿಗೆ ಆಗುವುದಿಲ್ಲವಾದ್ದರಿಂದ, ವಿರಾಮದ ನಂತರ ಮರಳುವವರಿಗೆ ಹೇಳುವ ಸಲಹೆಗಳು ಇಲ್ಲಿ ಹಾಗೆಯೇ ಹೊಂದುವುದಿಲ್ಲ.

ಸಾಮರ್ಥ್ಯ ಕರಗುವುದರ ಬಗ್ಗೆ ನನಗೆ ಸಮಾಧಾನ ಕೊಟ್ಟದ್ದು ಎರಡು ಹಳೆಯ ಅಧ್ಯಯನಗಳು. ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದಾಗ ಅವರ ಗರಿಷ್ಠ ಆಮ್ಲಜನಕ ಬಳಕೆ 21 ದಿನಗಳಲ್ಲಿ ಸುಮಾರು ಶೇ. 7ರಷ್ಟು ಇಳಿದು, 56 ದಿನಗಳ ಹೊತ್ತಿಗೆ ಶೇ. 16ರಷ್ಟು ಕಡಿಮೆಯಾಗಿ ಅಲ್ಲಿಯೇ ನಿಂತಿತೆಂದು ಎಡ್ವರ್ಡ್ ಕೊಯ್ಲ್ ಮತ್ತು ಸಂಗಡಿಗರು 1984ರಲ್ಲಿ ವರದಿ ಮಾಡಿದ್ದಾರೆ. ಆರಂಭದ ಇಳಿಕೆಗೆ ಮುಖ್ಯ ಕಾರಣ ಹೃದಯವು ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣ ತಗ್ಗುವುದು. ರಾಬರ್ಟ್ ಹಿಕ್ಸನ್ ಅವರ 1982ರ ಅಧ್ಯಯನದಲ್ಲಿ ದಿನಕ್ಕೆ 40 ನಿಮಿಷದ ಅಭ್ಯಾಸವನ್ನು 13 ನಿಮಿಷಕ್ಕೆ ಇಳಿಸಿದವರೂ ತೀವ್ರತೆಯನ್ನು ಬಿಡದೆ ಇದ್ದುದರಿಂದ ಆ ಗರಿಷ್ಠ ಮಟ್ಟವನ್ನು 15 ವಾರ ಉಳಿಸಿಕೊಂಡರು, ಆದರೆ ದೀರ್ಘಕಾಲ ತಾಳಿಕೊಳ್ಳುವ ಶಕ್ತಿ ಅವರಲ್ಲಿ ಕುಗ್ಗಿತು. ಅಂದರೆ ಸ್ವಲ್ಪವೇ ಮಾಡುವುದಾದರೂ ಬಿರುಸಾಗಿ ಮಾಡಬೇಕು, ಮತ್ತು ದೂರ ಕ್ರಮಿಸುವ ಶಕ್ತಿಯನ್ನು ಆಮೇಲೆ ಮತ್ತೆ ಕಟ್ಟಬೇಕಾಗುತ್ತದೆಂದು ಒಪ್ಪಿಕೊಂಡಿರಬೇಕು.

ನಾನು ಇಟ್ಟುಕೊಂಡ ನಿಯಮ ಒಂದೇ: ಮರುದಿನದ ಪಾಳಿಗೆ ಬೇಕಾದ ಶಕ್ತಿಯನ್ನು ಕಸಿಯುವ ಯಾವ ವ್ಯಾಯಾಮವೂ ಬೇಡ. ಚೆನ್ನಾಗಿ ನಿದ್ದೆಯಾದ ದಿನ ಮಾತ್ರ, ನಮ್ಮ ಲಾರಿಯ ಹಿಂಬದಿಯ ಕೊಕ್ಕೆಗೆ ರಬ್ಬರ್ ಪಟ್ಟಿ ಕಟ್ಟಿ, ಸೊಂಟದಿಂದ ಬಾಗಿ, ಮೊಣಕೈ ಮೇಲಿರಿಸಿಕೊಂಡು ಈಜಿನ ಎಳೆತವನ್ನು ಬಿರುಸಾಗಿ ಮಾಡುತ್ತಿದ್ದೆ. ಓಡಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಪಾದಗಳು ಅದಕ್ಕೆ ಸಿದ್ಧವಿರಲಿಲ್ಲ. ದಿನವಿಡೀ ಒದ್ದೆ ಬೂಟಿನಲ್ಲಿದ್ದ ಅಂಗಾಲಿನ ಚರ್ಮ ಬೆಳ್ಳಗಾಗಿ, ನೆರಿಗೆಗಟ್ಟಿ, ಒಣಗುವಾಗ ಹಿಮ್ಮಡಿಯ ಬಳಿ ಸೀಳುತ್ತಿತ್ತು. ಪಾಳಿಯ ನಡುವೆ ಕಾಲುಚೀಲ ಬದಲಿಸುವುದು, ಬೆರಳುಗಳ ಸಂದುಗಳನ್ನು ಒರೆಸಿ ಗಾಳಿಗೆ ಬಿಡುವುದು, ಬರಿಗಾಲಿನಲ್ಲಿ ಮಲಗುವುದು, ಇವುಗಳಿಗೆ ನಾನು ಕೊಟ್ಟ ಮಹತ್ವವನ್ನು ಯಾವ ವ್ಯಾಯಾಮಕ್ಕೂ ಕೊಡಲಿಲ್ಲ.

ಹಿಂದಿರುಗಿದ ಮೇಲೆ ಕ್ರೀಡಾಪಟು ವಿಶೇಷವಾಗಿ ಎಚ್ಚರವಹಿಸಬೇಕಾದ ವಿಷಯ ಇಲಿ ಜ್ವರ. ನೆರೆ ನೀರಿನಲ್ಲಿ ಬೆರೆತ ಇಲಿ ಮತ್ತಿತರ ಪ್ರಾಣಿಗಳ ಮೂತ್ರದಿಂದ ಈ ಸೋಂಕು ಚರ್ಮದ ಗಾಯಗಳ ಮೂಲಕ ದೇಹ ಸೇರುತ್ತದೆ. ಲಕ್ಷಣಗಳು 2ರಿಂದ 30 ದಿನಗಳೊಳಗೆ, ಹೆಚ್ಚಾಗಿ 5ರಿಂದ 14 ದಿನಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅಂದರೆ ಮನೆಗೆ ಬಂದು ಅಭ್ಯಾಸ ಆರಂಭಿಸಿದ ದಿನಗಳಲ್ಲಿಯೇ ಅದು ಹೊರಬೀಳಬಹುದು. ಜ್ವರ ಮತ್ತು ತಲೆನೋವಿನ ಜೊತೆಗೆ ಮೀನಖಂಡಗಳಲ್ಲಿ ತೀವ್ರ ನೋವು ಬರುವುದು ಅದರ ಪ್ರಸಿದ್ಧ ಲಕ್ಷಣ. ಮತ್ತೆ ಓಡಲು ತೊಡಗಿದವರು ಅದನ್ನು ಓಟದ ನೋವೆಂದು ಭಾವಿಸಿ ಮಾಲೀಶು ಮಾಡಿಸಿಕೊಂಡು ಕುಳಿತುಬಿಡುವ ಅಪಾಯವಿದೆ. ನಮ್ಮ ತಂಡಕ್ಕೆ ವೈದ್ಯರು ಮುನ್ನೆಚ್ಚರಿಕೆಯಾಗಿ ವಾರಕ್ಕೊಮ್ಮೆ 200 ಮಿ.ಗ್ರಾಂ. ಡಾಕ್ಸಿಸೈಕ್ಲಿನ್ ಕೊಟ್ಟಿದ್ದರು. ಅದು ಎಲ್ಲರಿಗೂ ಹೊಂದುವ ಮಾತ್ರೆಯಲ್ಲವಾದ್ದರಿಂದ ವೈದ್ಯರನ್ನು ಕೇಳದೆ ನುಂಗಬಾರದು. ಮಾತ್ರೆ ತೆಗೆದುಕೊಂಡಿದ್ದರೂ ಜ್ವರ ಬಂದರೆ ಅಭ್ಯಾಸ ನಿಲ್ಲಿಸಿ, ನೆರೆ ನೀರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಮೊದಲ ವಾರ ನಿದ್ದೆ ಮತ್ತು ನಡಿಗೆ ಬಿಟ್ಟು ಬೇರೇನೂ ಇರಲಿಲ್ಲ. ಬೆಳಗ್ಗೆ ಏಳುವ ಮೊದಲು ನಾಡಿ ಎಣಿಸುತ್ತಿದ್ದೆ, ಅದು ನನ್ನ ಎಂದಿನ ಮಟ್ಟಕ್ಕೆ ಇಳಿದು ಕೆಲವು ದಿನ ಅಲ್ಲಿಯೇ ನಿಂತ ಮೇಲಷ್ಟೇ ಮೊದಲು ಸೈಕಲ್, ಗಾಯಗಳು ಮಾಗಿದ ನಂತರ ಈಜು, ಕೊನೆಯಲ್ಲಿ ಓಟ ಎಂಬ ಕ್ರಮದಲ್ಲಿ ಮರಳಿದೆ. ತಪ್ಪಿಹೋದ ಅಭ್ಯಾಸಗಳನ್ನು ಮುಂದಿನ ವಾರಗಳಲ್ಲಿ ತುರುಕಲು ಹೋಗಲಿಲ್ಲ, ಅವು ಹೋದವು ಎಂದೇ ಲೆಕ್ಕ. ಕೆರೆಯಲ್ಲಿ ಮೊದಲ ಸಲ ಈಜಲಿಳಿದಾಗ ಕಂದು ಬಣ್ಣದ ನೀರನ್ನು ಕಂಡು ಉಸಿರು ಬಿಗಿದದ್ದು ನಿಜ. ಜೊತೆಗಾರರೊಬ್ಬರನ್ನು ಪಕ್ಕದಲ್ಲಿರಿಸಿಕೊಂಡು ದಡದ ಗುಂಟವೇ ಈಜುತ್ತಾ ಬಂದಂತೆ ಅದು ಸಡಿಲವಾಯಿತು.

ಬಿರುಸಿನ ಓಟದ ವೇಗ ಬೇಗನೆ ಮರಳಿತು, ದೀರ್ಘ ಸವಾರಿಯ ತಾಳಿಕೆ ಮಾತ್ರ ನಿಧಾನವಾಗಿತ್ತು. ಆದ್ದರಿಂದ ಕೋಚ್ ಜೊತೆ ಮಾತನಾಡಿ ಆ ಋತುವಿನಲ್ಲಿ 1.5, 40 ಮತ್ತು 10 ಕಿ.ಮೀ.ಗಳ ಒಲಿಂಪಿಕ್ ದೂರದ ಸ್ಪರ್ಧೆಗೆ ಬದಲಾಯಿಸಿಕೊಂಡೆ. ಅರ್ಧ ದೂರದ ಸ್ಪರ್ಧೆಗೆ ಈಗ ಹೊಸದಾಗಿ ಯೋಜನೆ ಹಾಕಿದ್ದೇವೆ. ಕರೆ ಬರುವ ಸಾಧ್ಯತೆ ಹೆಚ್ಚಿರುವ ಮಳೆಯ ತಿಂಗಳುಗಳನ್ನು ಕೋಚ್‌ಗೆ ಮೊದಲೇ ತಿಳಿಸಿ, ಭಾರವಾದ ಅಭ್ಯಾಸದ ಹಂತ ಆ ತಿಂಗಳುಗಳಲ್ಲಿ ಬಾರದಂತೆ ವೇಳಾಪಟ್ಟಿಯನ್ನು ಹೊಂದಿಸಿಕೊಂಡಿದ್ದೇನೆ.