ಕೊಕ್ಕರೆ ಫೋಟೊಗೆ ಬಣ್ಣದ ಗಾಜಿನ ವೇಷ

ಫೋಟೊವನ್ನು ಬಣ್ಣದ ಗಾಜಿನ ಕಿಟಕಿಯ ಹಾಗೆ ಮಾಡಲು ಫೋಟೊಶಾಪ್‌ನ ಫಿಲ್ಟರ್ ಗ್ಯಾಲರಿಯಲ್ಲಿ 'ಸ್ಟೇನ್ಡ್ ಗ್ಲಾಸ್' ಅಂತ ಒಂದು ಫಿಲ್ಟರ್ ಇದೆ. ಒತ್ತಿದರೆ ಸಾಕು, ಫೋಟೊ ಜೇನುಗೂಡಿನ ಹಾಗೆ ಚೂರುಚೂರಾಗುತ್ತದೆ. ಫೋಟೊ ತಿದ್ದುವ ಇನ್ನೊಂದು ಸಾಫ್ಟ್‌ವೇರ್ ಗಿಂಪ್‌ನ ಮೊಸಾಯಿಕ್ ಫಿಲ್ಟರ್ ಕೂಡ ಹೆಚ್ಚುಕಮ್ಮಿ ಅದೇ ಜಾತಿ. ಕೊಕ್ಕು ಎಲ್ಲಿ ಮುಗಿಯಿತು, ರೆಕ್ಕೆ ಎಲ್ಲಿ ಶುರುವಾಯಿತು ಅನ್ನೋದು ಈ ಫಿಲ್ಟರ್‌ಗಳಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಗೆರೆಗಳನ್ನು ನಾವೇ ಎಳೆಯಬೇಕು. ಒಂದು ಭಾನುವಾರ ಮಧ್ಯಾಹ್ನ ಹಿಡಿಯುತ್ತದೆ, ಆದರೆ ಫಲಿತಾಂಶ ಬೇರೆಯೇ.

ಶುರು ಮಾಡುವ ಮೊದಲು ನಿಜವಾದ ಗಾಜನ್ನು ಒಮ್ಮೆ ನೋಡಿ ಬನ್ನಿ. ಮೈಸೂರಿನವರಿಗೆ ಅದೇನು ಕಷ್ಟವಲ್ಲ. ಅರಮನೆಯ ಕಲ್ಯಾಣ ಮಂಟಪದ ಛಾವಣಿಯಲ್ಲಿ ನವಿಲಿನ ಚಿತ್ತಾರದ ಗಾಜಿದೆ, ಗ್ಲಾಸ್ಗೋದಲ್ಲಿ ಮಾಡಿಸಿ ತರಿಸಿದ್ದು. ಸಂತ ಫಿಲೋಮಿನಾ ಚರ್ಚ್‌ನ ಕಿಟಕಿಗಳಲ್ಲಿ ಯೇಸುವಿನ ಜನನ, ಕೊನೆಯ ಭೋಜನ, ಶಿಲುಬೆಯ ಪ್ರಸಂಗಗಳಿವೆ. ಎಲ್ಲರೂ ಬಣ್ಣ ನೋಡುತ್ತಾರೆ. ನೀವು ಬಣ್ಣಗಳ ನಡುವಿನ ಕಪ್ಪು ಗೆರೆ ನೋಡಿ. ಅದು ಅಂದಕ್ಕೆ ಎಳೆದ ಗೆರೆಯಲ್ಲ. ಇಂಥ ಕಿಟಕಿಯಲ್ಲಿ ಗಾಜಿನ ಚೂರುಗಳನ್ನು ಹಿಡಿದು ನಿಲ್ಲಿಸುವುದು ಸೀಸದ ಪಟ್ಟಿ. ಪಟ್ಟಿಯ ಎರಡೂ ಪಕ್ಕದಲ್ಲಿ ಉದ್ದಕ್ಕೂ ಸಣ್ಣ ತೋಡು ಇರುತ್ತದೆ, ಅದರೊಳಗೆ ಗಾಜಿನ ಅಂಚು ಕೂರುತ್ತದೆ.

ಇದರಿಂದ ಎರಡು ನಿಯಮ ಹುಟ್ಟುತ್ತವೆ. ಒಂದು, ಯಾವ ಗೆರೆಯೂ ಗಾಜಿನ ಮಧ್ಯೆ ಸುಮ್ನೆ ನಿಲ್ಲಬಾರದು. ಇನ್ನೊಂದು ಗೆರೆಗೋ ಚೌಕಟ್ಟಿಗೋ ಹೋಗಿ ಸೇರಲೇಬೇಕು. ಎರಡು, ಒಳಕ್ಕೆ ಆಳವಾಗಿ ಕೊರೆದ ಮೂಲೆ ಇರಬಾರದು. ಅಲ್ಲಿ ಗಾಜು ಬಿರುಕು ಬಿಡುತ್ತದೆ. ಕಂಪ್ಯೂಟರ್‌ನಲ್ಲಿ ಬಿರುಕು ಬಿಡಲ್ಲ ನಿಜ, ಆದರೆ ನೋಡುವವರ ಕಣ್ಣಿಗೆ ಏನೋ ಸುಳ್ಳು ಅನ್ನಿಸಿಬಿಡುತ್ತದೆ.

ಫೋಟೊ ಮತ್ತು ತಯಾರಿ

ಆಕಾರ ಸ್ಪಷ್ಟವಾಗಿರುವ ಫೋಟೊ ಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ತೆಗೆದ ಬಣ್ಣದ ಕೊಕ್ಕರೆಯ ಫೋಟೊ ಇದ್ದರೆ ಹಬ್ಬವೇ. ಬಿಳಿ ಮೈ, ರೆಕ್ಕೆಯಲ್ಲಿ ಕಪ್ಪು, ಬಾಲದ ಹತ್ತಿರ ಗುಲಾಬಿ ಗರಿ, ಉದ್ದನೆಯ ಹಳದಿ ಕೊಕ್ಕು. ಗಾಜಿನವರಿಗೆ ಅಂತಲೇ ಮಾಡಿದ ಹಕ್ಕಿ! ಜಾತ್ರೆಯ ಗುಂಪು, ಮದುವೆ ಮನೆಯ ಗ್ರೂಪ್ ಫೋಟೊ ಬೇಡ.

ಇಲ್ಲಿ ಹೇಳುವುದೆಲ್ಲ ಗಿಂಪ್‌ಗೆ. ಅದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎ4 ಹಾಳೆಗೆ ಪ್ರಿಂಟ್ ಹಾಕುವುದಿದ್ದರೆ ಚಿತ್ರ 2480 × 3508 ಪಿಕ್ಸೆಲ್ ಇರಲಿ. ಗಿಂಪ್‌ನಲ್ಲಿ ಚಿತ್ರ ಒಂದರ ಮೇಲೊಂದು ಹಾಳೆ ಇಟ್ಟಂತೆ ಪದರಗಳಲ್ಲಿ, ಅಂದರೆ ಲೇಯರ್‌ಗಳಲ್ಲಿ ಇರುತ್ತದೆ. ಫೋಟೊ ಲೇಯರ್‌ನ ಒಪ್ಯಾಸಿಟಿಯನ್ನು (ಎಷ್ಟು ಗಾಢವಾಗಿ ಕಾಣಬೇಕು ಅನ್ನೋದು) 50ಕ್ಕೆ ಇಳಿಸಿ, ಅದರ ಕೆಳಗೆ ಬಿಳಿ ಲೇಯರ್ ಇಡಿ. ಮೇಲೆ ಎರಡು ಪಾರದರ್ಶಕ ಲೇಯರ್ ಸೇರಿಸಿ. ಕೆಳಗಿನದಕ್ಕೆ 'ಗಾಜು', ಮೇಲಿನದಕ್ಕೆ 'ಸೀಸ' ಅಂತ ಹೆಸರಿಡಿ.

ಗೆರೆ ಎಳೆಯುವುದು

ಅರ್ಧ ಕೆಲಸ ಇದೇ. ಬ್ರಶ್ ಬೇಡ, ಕೈ ನಡುಗುತ್ತದೆ. ಚುಕ್ಕಿ ಸೇರಿಸಿ ಗೆರೆಯ ದಾರಿ (ಪಾತ್) ಗುರುತಿಸುವ ಪಾತ್ಸ್ ಟೂಲ್ ತೆಗೆದುಕೊಳ್ಳಿ, ಕೀಬೋರ್ಡ್‌ನಲ್ಲಿ ಬಿ (B) ಒತ್ತಿದರಾಯಿತು. ಕ್ಲಿಕ್ ಮಾಡಿದಲ್ಲಿ ಚುಕ್ಕಿ ಬೀಳುತ್ತದೆ, ಒತ್ತಿ ಎಳೆದರೆ ಗೆರೆ ಬಾಗುತ್ತದೆ. ಶಿಫ್ಟ್ ಹಿಡಿದು ಕ್ಲಿಕ್ ಮಾಡಿದರೆ ಅದೇ ಪಾತ್‌ನಲ್ಲಿ ಇನ್ನೊಂದು ಗೆರೆ ಶುರುವಾಗುತ್ತದೆ. ಹಕ್ಕಿಯ ಹೊರಗೆರೆ ಮತ್ತು ಚೌಕಟ್ಟು ಒಂದು ಪಾತ್, ಒಳಗಿನ ಗೆರೆಗಳು ಇನ್ನೊಂದು. ಆಮೇಲೆ 'ಸೀಸ' ಲೇಯರ್ ಮೇಲೆ ನಿಂತು, ಪಾತ್ ಉದ್ದಕ್ಕೂ ಕಪ್ಪು ಗೆರೆ ಬಳಿಯಲು ಸ್ಟ್ರೋಕ್ ಪಾತ್ ಒತ್ತಿ. ಹೊರಗೆರೆಗೆ 18 ಪಿಕ್ಸೆಲ್, ಒಳಗಿನದಕ್ಕೆ 11. ಎಲ್ಲಾ ಒಂದೇ ದಪ್ಪ ಇದ್ದರೆ ಮಕ್ಕಳ ಬಣ್ಣ ತುಂಬುವ ಪುಸ್ತಕದ ಚಿತ್ರ ಆಗುತ್ತದೆ.

ಕೊಕ್ಕರೆಯ ಕತ್ತು ಬಾಗುವ ಜಾಗ ನೋಡಿ. ಆ ಬಾಗಿನೊಳಗೆ ಹಿನ್ನೆಲೆಯ ಗಾಜು ನಾಲಗೆ ಚಾಚಿದಂತೆ ನುಗ್ಗಬೇಕಾಗುತ್ತದೆ. ಅಷ್ಟು ಆಳಕ್ಕೆ ಗಾಜು ಕತ್ತರಿಸೋಕಾಗಲ್ಲ. ಬಾಗಿನ ಒಳ ಮೂಲೆಯಿಂದ ಚೌಕಟ್ಟಿನವರೆಗೆ ಒಂದು ಗೆರೆ ಎಳೆದುಬಿಡಿ, ಒಂದು ಚೂರು ಎರಡಾಗುತ್ತದೆ. ಕೊಕ್ಕಿನ ತುದಿಯಿಂದ ಒಂದು, ಬೆನ್ನಿನಿಂದ ಒಂದು. ಹೀಗೆ ಆಕಾಶ ತಾನಾಗಿಯೇ ನಾಲ್ಕೈದು ತುಂಡಾಗುತ್ತದೆ. ಕಾಲು ತೀರಾ ಸಣ್ಣ, ಗಾಜು ಹಾಕಿದರೆ ಸೀಸವೇ ನುಂಗಿಬಿಡುತ್ತದೆ. ಕಾಲನ್ನೇ ಸೀಸದ ಗೆರೆ ಮಾಡಿಬಿಡಿ. ಕಣ್ಣಿಗೆ ಮಾತ್ರ ಗೆರೆ ಹಾಕಬೇಡಿ. ನಿಜವಾದ ಕಿಟಕಿಗಳಲ್ಲೂ ಕಣ್ಣು, ಮೂಗು, ಬೆರಳನ್ನು ಗಾಜಿನ ಮೇಲೆ ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಟ್ಟಿರುತ್ತಾರೆ. ನೀವೂ ಕೊನೆಗೆ ಬೇರೆ ಲೇಯರ್‌ನಲ್ಲಿ ಸಣ್ಣ ಬ್ರಶ್‌ನಿಂದ ಬರೆಯಿರಿ.

ಬಣ್ಣ ತುಂಬುವುದು

'ಸೀಸ' ಲೇಯರ್ ಮೇಲಿದ್ದುಕೊಂಡು ಫಜ್ಜಿ ಸೆಲೆಕ್ಟ್‌ನಿಂದ (ಒಂದೇ ಥರದ ಜಾಗವನ್ನು ಆಯ್ಕೆ ಮಾಡುವ ಟೂಲ್) ಒಂದು ಚೂರಿನ ಒಳಗೆ ಕ್ಲಿಕ್ ಮಾಡಿ. 'ಸ್ಯಾಂಪಲ್ ಮರ್ಜ್ಡ್' ಆಫ್ ಇರಲಿ, ಆಗ ಬೇರೆ ಲೇಯರ್‌ಗಳು ಲೆಕ್ಕಕ್ಕೆ ಬರುವುದಿಲ್ಲ. ಆ ಚೂರು ಮಾತ್ರ ಆಯ್ಕೆಯಾಗಬೇಕು. ಅಕ್ಕಪಕ್ಕದ್ದೂ ಆಯ್ಕೆಯಾದರೆ ಎಲ್ಲೋ ಗೆರೆ ಕೂಡಿಲ್ಲ ಅಂತ ಅರ್ಥ. ಗಾಜಿನವರ ಮೊದಲ ನಿಯಮವೇ ಇಲ್ಲಿ ಸಾಫ್ಟ್‌ವೇರ್‌ಗೂ ಬೇಕಾಗುತ್ತದೆ, ಅಲ್ವಾ? ಸರಿಯಾಗಿದ್ದರೆ ಸೆಲೆಕ್ಟ್ ಮೆನುವಿನ ಗ್ರೋದಲ್ಲಿ 3 ಪಿಕ್ಸೆಲ್ ಹಿಗ್ಗಿಸಿ. ಬಣ್ಣ ಸೀಸದ ಅಡಿಗೆ ಸ್ವಲ್ಪ ನುಗ್ಗುತ್ತದೆ, ಅಂಚಿನಲ್ಲಿ ಬಿಳಿ ಎಳೆ ಉಳಿಯುವುದಿಲ್ಲ. ಈಗ 'ಗಾಜು' ಲೇಯರ್‌ಗೆ ಬಂದು ಬಕೆಟ್‌ನಿಂದ ತುಂಬಿ. ಆಯ್ಕೆಯಾದ ಇಡೀ ಜಾಗ ತುಂಬುವ ಆಯ್ಕೆ ಇಟ್ಟುಕೊಳ್ಳಿ.

ಬಣ್ಣಗಳು ಐದಾರು ಸಾಕು. ಹಿಂದಿನಿಂದಲೂ ಗಾಜಿಗೆ ನೀಲಿ ಕೊಡುವುದು ಕೋಬಾಲ್ಟ್, ಮೇಲೆ ಬಳಿದು ಸುಟ್ಟರೆ ಹಳದಿ ಕೊಡುವುದು ಬೆಳ್ಳಿಯ ಲವಣ. ಗುಲಾಬಿ ಗಾಜಿಗೆ ಚಿನ್ನವನ್ನೇ ಬಳಸುವುದುಂಟು. ಕೊಕ್ಕರೆಯ ಗುಲಾಬಿ ಗರಿಗೆ ಅಷ್ಟು ಮರ್ಯಾದೆ ಸಲ್ಲಬೇಕಾದ್ದೇ! ಆಕಾಶದ ಐದು ತುಂಡಿಗೂ ಅಚ್ಚು ಒಂದೇ ನೀಲಿ ಬೇಡ. ಒಂದು ತುಸು ಗಾಢ, ಒಂದು ತುಸು ತಿಳಿ. ಬಿಳಿ ಮೈಗೂ ಅಚ್ಚ ಬಿಳಿ ಹಾಕಬೇಡಿ, ಹಾಲಿನ ಕೆನೆಯ ಬಣ್ಣ ಇರಲಿ. ಇಲ್ಲದಿದ್ದರೆ ಕಿಟಕಿಯಲ್ಲಿ ಗಾಜೇ ಇಲ್ಲವೇನೋ ಅನ್ನಿಸುತ್ತದೆ.

ಬೆಳಕು

ಈಗ ಚಿತ್ರ ಚಪ್ಪಟೆಯಾಗಿರುತ್ತದೆ. 'ಸೀಸ' ಲೇಯರ್‌ನ ನಕಲು ಮಾಡಿ, ನಕಲನ್ನು ಅದರ ಕೆಳಗಿಡಿ. ಅದನ್ನು ಮಸುಕಾಗಿಸಲು ಗಾಸಿಯನ್ ಬ್ಲರ್ 25 ಪಿಕ್ಸೆಲ್ ಕೊಟ್ಟು, ಲೇಯರ್ ಮೋಡ್ (ಕೆಳಗಿನ ಲೇಯರ್ ಜೊತೆ ಬೆರೆಯುವ ರೀತಿ) ಮಲ್ಟಿಪ್ಲೈ ಮಾಡಿ. ಪ್ರತಿ ಚೂರಿನ ಅಂಚು ಕಪ್ಪಾಗಿ ನಡುವೆ ಬೆಳಕು ನಿಲ್ಲುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಜಾಸ್ತಿ ಖುಷಿ ಕೊಡುವ ಗಳಿಗೆ ಇದು. ಗಾಜಿನ ಅಲೆ ಬೇಕಿದ್ದರೆ ಹೊಸ ಲೇಯರ್‌ನಲ್ಲಿ ಮೋಡದಂಥ ಕಲೆ ಹಾಕುವ ಸಾಲಿಡ್ ನಾಯ್ಸ್ ತುಂಬಿ, ಮೋಡ್ ಸಾಫ್ಟ್ ಲೈಟ್, ಒಪ್ಯಾಸಿಟಿ 25ರ ಆಸುಪಾಸು. ಕೊನೆಗೆ 'ನ್ಯೂ ಫ್ರಮ್ ವಿಸಿಬಲ್' ಮಾಡಿದರೆ ಕಾಣುವುದೆಲ್ಲ ಸೇರಿ ಒಂದು ಹೊಸ ಲೇಯರ್ ಆಗುತ್ತದೆ. ಅದನ್ನು ಎಲ್ಲಕ್ಕಿಂತ ಮೇಲೆ ತಂದು, ಬ್ಲರ್ ಕೊಟ್ಟು, ಸ್ಕ್ರೀನ್ ಮೋಡ್‌ನಲ್ಲಿ ಒಪ್ಯಾಸಿಟಿಯನ್ನು 20ಕ್ಕೆ ಇಳಿಸಿದರೆ ಬಣ್ಣ ಸೀಸದ ಮೇಲೂ ಸ್ವಲ್ಪ ಚೆಲ್ಲುತ್ತದೆ.

ಸೀಸಕ್ಕೆ ಉಬ್ಬು, ಹೊಳಪು ಕೊಡಿ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಳಗೆ ನಿಂತು ನೋಡಿದರೆ ಬೆಳಕು ಹಿಂದಿನಿಂದ ಬರುತ್ತದೆ, ಸೀಸ ಕಪ್ಪಾಗಿಯೇ ಕಾಣುತ್ತದೆ. ಉಬ್ಬು ಕೊಟ್ಟರೆ ಪ್ಲಾಸ್ಟಿಕ್ ಪೈಪಿನ ಹಾಗಾಗುತ್ತದೆ. ಗೆರೆಗಳು ಕೂಡುವಲ್ಲಿ ಬೆಸುಗೆಯ ಗುರುತಾಗಿ ಗೆರೆಗಿಂತ ಕೊಂಚ ದೊಡ್ಡ ಕಪ್ಪು ಚುಕ್ಕಿ ಇಟ್ಟರೆ ಸಾಕು.

ಕೆಲಸವನ್ನು ಗಿಂಪ್‌ನದೇ ಫೈಲ್ ಬಗೆಯಾದ ಎಕ್ಸ್‌ಸಿಎಫ್ ಆಗಿ ಸೇವ್ ಮಾಡಿ, ಪ್ರಿಂಟಿಗೆ ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡಿ. ಸ್ಟಿಕರ್, ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಪಾರದರ್ಶಕ ವಿನೈಲ್ ಕೇಳಿ ನೋಡಿ, ಸಿಕ್ಕರೆ ಮನೆ ಕಿಟಕಿಗೇ ಅಂಟಿಸಬಹುದು. ಪರದೆ ಮೇಲೆ ಮಿಂಚುವ ನೀಲಿ, ಹಸಿರು ಪ್ರಿಂಟಿನಲ್ಲಿ ಮಂಕಾಗುವುದೇ ಹೆಚ್ಚು. ಪೂರ್ತಿ ಹಾಳೆಗೆ ದುಡ್ಡು ಕೊಡುವ ಮೊದಲು ಅಂಗೈಯಗಲದ ತುಂಡು ಪ್ರಿಂಟ್ ಹಾಕಿಸಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗಲ್ಲ, ಹೊರಗೆ ಬಿಸಿಲಿಗೆ ಹಿಡಿದು ನೋಡಿ.